ಟಿವಿಗೆ ಸ್ಕ್ರೀನ್ ಹೋಗ್ತಿಲ್ವಾ? ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

ನಾನು ಕೆಲಸ ಮಾಡುವ ಕಾಲೇಜಿನಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಮೊದಲ ಪೀರಿಯಡ್. ಒಂಬತ್ತು ಮೂವತ್ತೈದಕ್ಕೆ ನನ್ನ ಫೋನ್ ಹೊಡೆದುಕೊಳ್ಳುತ್ತದೆ. "ಸರ್, ನೆಟ್ ಸ್ಲೋ ಇದೆ, ಪಿಪಿಟಿ ಬೋರ್ಡಿಗೆ ಹೋಗ್ತಿಲ್ಲ." ಈ ಮಾತನ್ನು ವರ್ಷಗಟ್ಟಲೆ ಕೇಳಿದ್ದೇನೆ. ಅದರಲ್ಲಿ ನಿಜವಾಗಿ ನೆಟ್ ಸ್ಲೋ ಇದ್ದದ್ದು ಬೆರಳಲ್ಲಿ ಎಣಿಸುವಷ್ಟು ಸಲ.

ಲ್ಯಾಪ್‌ಟಾಪಿನ ಸ್ಕ್ರೀನ್ ಅದೇ ಕೋಣೆಯ ಟಿವಿಗೆ ಹೋಗಲು ಇಂಟರ್ನೆಟ್ಟಿನ ವೇಗ ಬೇಕಿಲ್ಲ. ಚಿತ್ರ ಲ್ಯಾಪ್‌ಟಾಪಿನಿಂದ ಹೊರಡುತ್ತದೆ, ಹೆಚ್ಚೆಂದರೆ ಕಾರಿಡಾರಿನ ವೈಫೈ ಡಬ್ಬಿ ಮುಟ್ಟುತ್ತದೆ, ಅಲ್ಲಿಂದ ಗೋಡೆಯ ಸ್ಕ್ರೀನಿಗೆ ಬರುತ್ತದೆ. ಊರು ಬಿಟ್ಟು ಹೋಗುವುದೇ ಇಲ್ಲ. ಸ್ಪೀಡ್ ಟೆಸ್ಟ್ 100 ಎಂಬಿಪಿಎಸ್ ತೋರಿಸುತ್ತಿದ್ದರೂ ಸ್ಕ್ರೀನ್ ಹೋಗದೇ ಇರಬಹುದು. ಸ್ಪೀಡ್ ಟೆಸ್ಟ್ ಅಳೆಯುವ ದಾರಿಯೇ ಬೇರೆ.

ಇದಕ್ಕೊಂದು ಅಪವಾದ ಇದೆ. ಯೂಟ್ಯೂಬ್ ಆ್ಯಪ್ ಒಳಗಿನ ಕಾಸ್ಟ್ ಗುಂಡಿ ಒತ್ತಿದರೆ ಫೋನು ವಿಡಿಯೊ ಕಳಿಸುವುದಿಲ್ಲ. "ಈ ವಿಡಿಯೊ ಹಾಕು" ಅಂತ ಟಿವಿಗೆ ಹೇಳುತ್ತದೆ, ಅಷ್ಟೇ. ವಿಡಿಯೊವನ್ನು ಟಿವಿಯೇ ಇಂಟರ್ನೆಟ್ಟಿನಿಂದ ತರಿಸಿಕೊಳ್ಳುತ್ತದೆ. ಅಲ್ಲಿ ನೆಟ್ ಸ್ಲೋ ಅನ್ನುವ ದೂರು ಸರಿ. ಪಿಪಿಟಿ, ಎಕ್ಸೆಲ್, ಪೂರ್ತಿ ಸ್ಕ್ರೀನ್ ಕಳಿಸುವಾಗ ಅಲ್ಲ.

ಹಾಗಾಗಿ ಫೋನ್ ಬಂದಾಗ ನಾನು ಕೇಳುವುದು ಒಂದೇ: "ಎಲ್ಲಿವರೆಗೆ ಬಂತು?" ಟಿವಿಯ ಹೆಸರು ಲಿಸ್ಟಿನಲ್ಲಿ ಕಾಣ್ತಿದೆಯಾ? ಕಂಡರೆ, ಒತ್ತಿದಾಗ ಕನೆಕ್ಟ್ ಆಯ್ತಾ? ಆಗಿ ಮಧ್ಯದಲ್ಲಿ ಬಿಟ್ಟುಹೋಯ್ತಾ? ಇಲ್ಲಾ, ಚಿತ್ರ ಬಂದು ಸೌಂಡ್ ಮಾತ್ರ ಬರ್ತಿಲ್ವಾ? ಈ ನಾಲ್ಕಕ್ಕೂ ಕಾರಣ ಬೇರೆ ಬೇರೆ. ಹೆಸರೇ ಕಾಣದಿದ್ದಾಗ ಕೇಬಲ್ ಅಲ್ಲಾಡಿಸುವುದು, ಚಿತ್ರ ತಡವರಿಸುವಾಗ ಪಾಸ್‌ವರ್ಡ್ ಬದಲಿಸುವುದು, ಹೀಗೆಲ್ಲ ಮಾಡುತ್ತಾ ಕೂತರೆ ಪೀರಿಯಡ್ ಮುಗಿದ ಬೆಲ್ ಹೊಡೆದಿರುತ್ತದೆ.

ಇಬ್ಬರ ಭಾಷೆ ಒಂದೇನಾ?

ಇದನ್ನು ನೋಡದೆ ಅರ್ಧ ಗಂಟೆ ಕಳೆದುಕೊಂಡವರು ತುಂಬಾ ಜನ ಇದ್ದಾರೆ. ಸ್ಕ್ರೀನ್ ಕಳಿಸುವ ಪದ್ಧತಿಗಳು ಮುಖ್ಯವಾಗಿ ಮೂರು. ಆಪಲ್‌ನ ಏರ್‌ಪ್ಲೇ 2010ರಲ್ಲಿ ಬಂತು. ವೈಫೈ ಅಲಯನ್ಸ್‌ನ ಮಿರಾಕಾಸ್ಟ್ 2012ರಲ್ಲಿ. 2013ರಲ್ಲಿ ಕ್ರೋಮ್‌ಕಾಸ್ಟ್ ಡಾಂಗಲ್ (ಟಿವಿಯ ಎಚ್‌ಡಿಎಂಐಗೆ ಚುಚ್ಚುವ ಪುಟ್ಟ ಸಾಧನ) ಜೊತೆ ಗೂಗಲ್ ಕಾಸ್ಟ್ ಬಂತು. ಒಂದಕ್ಕೆ ಇನ್ನೊಂದರ ಮಾತು ತಿಳಿಯುವುದಿಲ್ಲ. ಐಫೋನಿಗೆ ಮಿರಾಕಾಸ್ಟ್ ಬರುವುದಿಲ್ಲ, ಮ್ಯಾಕ್‌ಬುಕ್ಕಿಗೂ ಇಲ್ಲ. ಗೂಗಲ್‌ನ ಪಿಕ್ಸೆಲ್ ಫೋನುಗಳಿಗೂ ಇಲ್ಲ. ಕ್ರೋಮ್‌ಕಾಸ್ಟ್ ಡಾಂಗಲಿಗೆ ಮಿರಾಕಾಸ್ಟ್ ಅರ್ಥವೇ ಆಗುವುದಿಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಗುಂಡಿ ಜೊತೆ ಕೆ ಒತ್ತಿದರೆ ತೆರೆದುಕೊಳ್ಳುವುದು ಮಿರಾಕಾಸ್ಟ್ ಪಟ್ಟಿ. ಅದೇ ಲ್ಯಾಪ್‌ಟಾಪಿನ ಕ್ರೋಮ್ ಬ್ರೌಸರ್ ಮೆನುವಿನ 'ಕಾಸ್ಟ್' ಒತ್ತಿದರೆ ಕಾಣುವುದು ಗೂಗಲ್ ಕಾಸ್ಟ್ ಪಟ್ಟಿ. ಡಾಂಗಲ್ ಒಂದರಲ್ಲಿ ಕಾಣದೆ ಇನ್ನೊಂದರಲ್ಲಿ ಕಂಡರೆ ಅದು ದೋಷವೇ ಅಲ್ಲ.

ಕ್ಲಾಸಿನ ದೊಡ್ಡ ಇಂಟರ್‌ಆ್ಯಕ್ಟಿವ್ ಪ್ಯಾನೆಲ್‌ಗಳಲ್ಲಿ ಸಾಮಾನ್ಯವಾಗಿ ಸ್ಕ್ರೀನ್ ಬರಮಾಡಿಕೊಳ್ಳುವ ಒಂದು ರಿಸೀವರ್ ಆ್ಯಪ್ ಇರುತ್ತದೆ. ಅದು ಮೂರೂ ಪದ್ಧತಿ ತಿಳಿದಂತೆ ನಟಿಸುತ್ತದೆ. ಆದರೆ ಆ ಆ್ಯಪ್ ತೆರೆದಿರಬೇಕು, ಇಲ್ಲವೇ ಹಿನ್ನೆಲೆಯಲ್ಲಿ ಓಡುತ್ತಿರಬೇಕು. ವೈಟ್‌ಬೋರ್ಡ್ ತೆರೆದಿಟ್ಟು "ಹೆಸರು ಕಾಣ್ತಿಲ್ಲ" ಎಂದು ಒದ್ದಾಡುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಹಾಗೆಯೇ ವಿಂಡೋಸ್ ಪಿಸಿಗೆ ಇನ್ನೊಂದು ಲ್ಯಾಪ್‌ಟಾಪಿನ ಸ್ಕ್ರೀನ್ ಬರಬೇಕಾದರೆ 'ವೈರ್‌ಲೆಸ್ ಡಿಸ್‌ಪ್ಲೇ' ಅನ್ನುವ ಆಪ್ಷನಲ್ ಫೀಚರ್ ಹಾಕಿಕೊಳ್ಳಬೇಕು. ಮೊದಲು ಅದು ವಿಂಡೋಸ್ 10ರ ಜೊತೆಗೇ ಬರುತ್ತಿತ್ತು. 2020ರ ಮೇ ತಿಂಗಳ ಅಪ್‌ಡೇಟ್ ನಂತರ ನಾವೇ ಸೇರಿಸಿಕೊಳ್ಳಬೇಕಾಗಿದೆ.

ಹೆಸರೇ ಕಾಣ್ತಿಲ್ಲ

ನನ್ನ ಅನುಭವದಲ್ಲಿ ಅತಿ ಹೆಚ್ಚು ದೂರು ಇದೇ. ಇದರ ಒಳಗುಟ್ಟು ಒಮ್ಮೆ ಗೊತ್ತಾದರೆ ಮುಂದೆ ನೀವೇ ಹಿಡಿಯುತ್ತೀರಿ.

ಟಿವಿ ಹುಡುಕುವ ಫೋನು ಯಾವ ಸರ್ವರನ್ನೂ ಕೇಳುವುದಿಲ್ಲ. ಮದುವೆ ಮನೆಯ ಬಾಗಿಲಲ್ಲಿ ನಿಂತು "ಇಲ್ಲಿ ಅಡುಗೆಯವರು ಯಾರ್ರೀ?" ಅಂತ ಕೂಗಿದ ಹಾಗೆ, "ಇಲ್ಲಿ ಸ್ಕ್ರೀನ್ ತಗೊಳ್ಳೋರು ಯಾರಿದ್ದೀರಿ?" ಅಂತ ಎಲ್ಲರಿಗೂ ಒಟ್ಟಿಗೆ ಕೇಳುತ್ತದೆ. ಟಿವಿ "ನಾನಿದ್ದೇನೆ, ರೂಮ್ ನಂಬರ್ 12" ಅನ್ನುತ್ತದೆ. ಈ ಕೂಗಿಗೆ ಎಂಡಿಎನ್‌ಎಸ್ ಎಂದು ಹೆಸರು. ಅದು 224.0.0.251 ವಿಳಾಸಕ್ಕೆ, 5353ನೇ ಪೋರ್ಟಿಗೆ (ಪೋರ್ಟ್ ಅಂದರೆ ಆ ವಿಳಾಸದ ಬಾಗಿಲಿನ ನಂಬರ್) ಹೋಗುತ್ತದೆ. ಗೂಗಲ್ ಕಾಸ್ಟ್, ಏರ್‌ಪ್ಲೇ ಎರಡೂ ಇದನ್ನೇ ನಂಬಿಕೊಂಡಿವೆ. ಆ ಕೂಗು ಕೇಳಿಸುವುದು ಅದೇ ನೆಟ್‌ವರ್ಕಿನ ಗೋಡೆಯೊಳಗೆ ಮಾತ್ರ. ರೌಟರ್ ದಾಟಿ ಪಕ್ಕದ ನೆಟ್‌ವರ್ಕಿಗೆ ಹೋಗುವುದಿಲ್ಲ. ಅದನ್ನು ಮಾಡಿರುವುದೇ ಹಾಗೆ.

ಈಗ ಕಾಲೇಜು, ಆಫೀಸುಗಳಲ್ಲಿ ಏನು ಮಾಡಿರುತ್ತಾರೆ ನೋಡಿ. ಸಿಬ್ಬಂದಿಗೆ ಒಂದು ವೈಫೈ, ವಿದ್ಯಾರ್ಥಿಗಳಿಗೆ ಒಂದು, ಅತಿಥಿಗಳಿಗೆ ಇನ್ನೊಂದು. ಮೂರೂ ಒಂದೇ ಡಬ್ಬಿಯಿಂದ ಬಂದರೂ ಒಳಗೆ ಬೇರೆ ಬೇರೆ ವಿಲ್ಯಾನ್. ಅಂದರೆ ಮಧ್ಯೆ ಗೋಡೆ. ಟಿವಿ ಸಿಬ್ಬಂದಿ ವೈಫೈಯಲ್ಲಿದೆ, ಹೊರಗಿನಿಂದ ಬಂದ ಉಪನ್ಯಾಸಕರ ಲ್ಯಾಪ್‌ಟಾಪ್ ಗೆಸ್ಟ್ ವೈಫೈಯಲ್ಲಿದೆ. ಇಬ್ಬರಿಗೂ ಇಂಟರ್ನೆಟ್ ಬರುತ್ತಿದೆ. ಒಬ್ಬರ ಕೂಗು ಒಬ್ಬರಿಗೆ ಕೇಳುತ್ತಿಲ್ಲ.

ಇನ್ನೂ ಕಾಡುವುದು ಕ್ಲೈಂಟ್ ಐಸೊಲೇಷನ್. ಕೆಲವು ರೌಟರ್‌ಗಳಲ್ಲಿ ಎಪಿ ಐಸೊಲೇಷನ್ ಅಂತಲೂ ಬರೆದಿರುತ್ತದೆ. ಇದು ಆನ್ ಆಗಿದ್ದರೆ ಒಂದೇ ವೈಫೈಯಲ್ಲಿರುವ ಎರಡು ಸಾಧನಗಳೂ ಪರಸ್ಪರ ಮಾತಾಡುವ ಹಾಗಿಲ್ಲ. ಎಲ್ಲರೂ ಇಂಟರ್ನೆಟ್ ಕಡೆ ಮಾತ್ರ ಮುಖ ಮಾಡಬೇಕು. ಗೆಸ್ಟ್ ವೈಫೈಯಲ್ಲಿ ಸಾಮಾನ್ಯವಾಗಿ ಇದು ಮೊದಲಿಂದಲೇ ಆನ್ ಇರುತ್ತದೆ. ಸುರಕ್ಷತೆಗೆ ಒಳ್ಳೆಯದೇ. ಆದರೆ "ಇಬ್ಬರೂ ಒಂದೇ ವೈಫೈಯಲ್ಲೇ ಇದ್ದೀವಲ್ಲ ಸರ್" ಅನ್ನುವವರಿಗೆ ತಲೆ ಕೆಡುವುದು ಇಲ್ಲೇ.

ಒಂದು ಸಮಾಧಾನದ ಮಾತು. ಮನೆ ರೌಟರಿನಲ್ಲಿ ಒಂದೇ ಹೆಸರಿನ ಕೊನೆಗೆ 2.4, 5 ಎಂದು ಎರಡು ವೈಫೈ ಕಾಣುತ್ತವಲ್ಲ, ಅವು ಎರಡು ನೆಟ್‌ವರ್ಕ್ ಅಲ್ಲ. ಸಾಮಾನ್ಯವಾಗಿ ಒಳಗೆ ಒಂದೇ. ಟಿವಿ ಒಂದರಲ್ಲಿ, ಫೋನು ಇನ್ನೊಂದರಲ್ಲಿ ಇದ್ದರೂ ಹೆಸರು ಕಾಣಬೇಕು.

ಪರೀಕ್ಷೆ ಸುಲಭ. ಮೂರನೇ ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ. ಲ್ಯಾಪ್‌ಟಾಪ್, ಟಿವಿ ಎರಡನ್ನೂ ಅದಕ್ಕೆ ಸೇರಿಸಿ. ಈಗ ಹೆಸರು ಕಂಡು ಸ್ಕ್ರೀನ್ ಹೋಯಿತು ಅಂದರೆ ಟಿವಿ, ಲ್ಯಾಪ್‌ಟಾಪ್ ಎರಡೂ ಸರಿ ಇವೆ. ತಪ್ಪು ಕಟ್ಟಡದ ನೆಟ್‌ವರ್ಕಿನದು. ಈ ಐದು ನಿಮಿಷದ ಪರೀಕ್ಷೆ ಎಷ್ಟೋ ದಿನಗಳ ವಾದ ಉಳಿಸುತ್ತದೆ. "ನಿಮ್ಮ ಲ್ಯಾಪ್‌ಟಾಪೇ ಸರಿ ಇಲ್ಲ", "ನಿಮ್ಮ ವೈಫೈಯೇ ಸರಿ ಇಲ್ಲ" ಅನ್ನುವ ಜಗಳಕ್ಕೆ ಇದೇ ಪಂಚಾಯ್ತಿ. ಒಂದು ಎಚ್ಚರಿಕೆ: 2013ರ ಮೊದಲ ತಲೆಮಾರಿನ ಕ್ರೋಮ್‌ಕಾಸ್ಟ್‌ನಂಥ ಹಳೆಯ ಡಾಂಗಲ್‌ಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಹಾಟ್‌ಸ್ಪಾಟ್ 5ರಲ್ಲಿದ್ದರೆ ಅವಕ್ಕೆ ಕಾಣುವುದೇ ಇಲ್ಲ. ಐಫೋನಿನಲ್ಲಿ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಆನ್ ಮಾಡಿದರೆ ಹಾಟ್‌ಸ್ಪಾಟ್ 2.4ಕ್ಕೆ ಇಳಿಯುತ್ತದೆ. ಫೋನಿನ ಮೊಬೈಲ್ ಡೇಟಾ ಆನ್ ಇರಲಿ. ಸ್ಕ್ರೀನ್ ಕಳಿಸಲು ಇಂಟರ್ನೆಟ್ ಬೇಡ ಅಂದೆ, ನಿಜ. ಆದರೆ ಗೂಗಲ್ ಡಾಂಗಲ್‌ಗಳು ಸೆಟಪ್ ಆಗುವಾಗ ಇಂಟರ್ನೆಟ್ ಕೇಳುತ್ತವೆ.

ಪಿಂಗ್ ಮಾಡಿ ನೋಡುವ ಅಭ್ಯಾಸ ಇರುವವರಿಗೂ ಒಂದು ಮಾತು. ಲ್ಯಾಪ್‌ಟಾಪಿನಿಂದ ಟಿವಿಗೆ ಪಿಂಗ್ ಹೋಗುತ್ತಿದೆ, ಆದರೂ ಹೆಸರು ಕಾಣುತ್ತಿಲ್ಲ ಅನ್ನುವುದು ಖಂಡಿತ ಸಾಧ್ಯ. ಪಿಂಗ್ ಒಬ್ಬರಿಂದ ಒಬ್ಬರಿಗೆ ಹೋಗುವ ಪತ್ರ, ಅದಕ್ಕೆ ರೌಟರ್ ದಾರಿ ಮಾಡಿಕೊಡುತ್ತದೆ. ಕೂಗಿಗೆ ಮಾಡಿಕೊಡುವುದಿಲ್ಲ.

ನನ್ನನ್ನು ಎರಡು ವಾರ ಆಟ ಆಡಿಸಿದ ಒಂದು ಪ್ರಕರಣ ಹೇಳುತ್ತೇನೆ. ಎರಡನೇ ಮಹಡಿಯ ಒಂದು ಪ್ಯಾನೆಲ್ ಕೆಲವು ದಿನ ಸರಿಯಾಗಿ ಕಾಣುತ್ತಿತ್ತು, ಕೆಲವು ದಿನ ಮಾಯ. ಸೋಮವಾರ ಸರಿ, ಮಂಗಳವಾರ ಇಲ್ಲ. ರಿಸೀವರ್ ಆ್ಯಪ್ ಬದಲಿಸಿದೆ, ಅಪ್‌ಡೇಟ್ ಮಾಡಿದೆ, ಪ್ಯಾನೆಲ್ ರೀಸೆಟ್ ಮಾಡುವ ಹಂತಕ್ಕೂ ಬಂದಿದ್ದೆ. ಕೊನೆಗೆ ಗುಟ್ಟು ಹೇಳಿದ್ದು ಅಟೆಂಡರ್. "ಕರೆಂಟ್ ಹೋಗಿ ಬಂದ ದಿನ ಮಾತ್ರ ಸರ್." ಕರೆಂಟ್ ಬಂದ ಕೂಡಲೇ ಪ್ಯಾನೆಲ್ ಬೇಗ ಎದ್ದು ವೈಫೈ ಹುಡುಕುತ್ತಿತ್ತು. ಆ ಮಹಡಿಯ ವೈಫೈ ಡಬ್ಬಿ ಇನ್ನೂ ಎದ್ದಿರುತ್ತಿರಲಿಲ್ಲ. ಹಿಂದೊಮ್ಮೆ ಯಾರೋ ಪ್ಯಾನೆಲಿಗೆ ಗೆಸ್ಟ್ ವೈಫೈ ಪಾಸ್‌ವರ್ಡ್ ಕೊಟ್ಟಿದ್ದರು. ಕೆಳಗಿನ ಮಹಡಿಯ ಡಬ್ಬಿ ಯುಪಿಎಸ್ ಮೇಲಿತ್ತು, ಅದರ ಗೆಸ್ಟ್ ವೈಫೈ ಸಣ್ಣಗೆ ಸಿಗುತ್ತಿತ್ತು. ಪ್ಯಾನೆಲ್ ಅದಕ್ಕೆ ಅಂಟಿಕೊಂಡು ಕೂರುತ್ತಿತ್ತು. ಆಮೇಲೆ ಸರಿಯಾದ ವೈಫೈ ಬಂದರೂ ಬಿಡುತ್ತಿರಲಿಲ್ಲ. ಪರದೆಯ ಮೂಲೆಯಲ್ಲಿ ವೈಫೈ ಗುರುತು ಇದ್ದೇ ಇತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಗೆಸ್ಟ್ ವೈಫೈಯನ್ನು 'ಫರ್ಗೆಟ್' ಮಾಡಿಸಿ, ಎರಡನೇ ಮಹಡಿಯ ಡಬ್ಬಿಗೂ ಸಣ್ಣ ಯುಪಿಎಸ್ ಕೊಟ್ಟೆ. ಅಂದಿನಿಂದ ಆ ರೂಮಿನ ಫೋನ್ ಬಂದಿಲ್ಲ. ವೈಫೈ ಗುರುತು ಇದೆಯಾ ಅಂತ ನೋಡಬೇಡಿ, ಅದರ ಹೆಸರು ಓದಿ.

ಹೆಸರು ಕಾಣದಿರಲು ಲ್ಯಾಪ್‌ಟಾಪ್, ಫೋನುಗಳ ಕಡೆಯಿಂದಲೂ ಕಾರಣ ಇರುತ್ತದೆ. ಕಂಪನಿ ಲ್ಯಾಪ್‌ಟಾಪಿನ ವಿಪಿಎನ್ ಮೊದಲ ಅನುಮಾನ. ಅದು ಎಲ್ಲ ಮಾತನ್ನೂ ಕಂಪನಿಯ ಸುರಂಗಕ್ಕೆ ತಳ್ಳುತ್ತದೆ, ಪಕ್ಕದ ಟಿವಿಗೆ ಕೂಗು ಹೋಗುವುದೇ ಇಲ್ಲ. ವಿಂಡೋಸ್‌ನಲ್ಲಿ ಆ ವೈಫೈ 'ಪಬ್ಲಿಕ್' ಎಂದು ಗುರುತಾಗಿದ್ದರೆ ಫೈರ್‌ವಾಲ್, ಅಂದರೆ ಬರುವ ಹೋಗುವ ಮಾತುಗಳನ್ನು ತಡೆಯುವ ಕಾವಲುಗಾರ, ಬಿಗಿಯಾಗುತ್ತದೆ. ನಿಮ್ಮದೇ ಆಫೀಸ್, ಕ್ಲಾಸ್ ಆಗಿದ್ದರೆ 'ಪ್ರೈವೇಟ್' ಮಾಡಿ. ಐಫೋನಿನಲ್ಲಿ 2020ರ ಐಒಎಸ್ 14ರಿಂದ ಪ್ರತಿ ಆ್ಯಪ್ಪಿಗೂ 'ಲೋಕಲ್ ನೆಟ್‌ವರ್ಕ್' ಅನುಮತಿ ಬೇಕು. ಮೊದಲ ಸಲ ಕೇಳಿದಾಗ ಸುಮ್ನೆ 'ಡೋಂಟ್ ಅಲೋ' ಒತ್ತಿರುತ್ತೇವೆ, ಆಮೇಲೆ ಯೂಟ್ಯೂಬ್ ಆ್ಯಪ್ಪಿನಲ್ಲಿ ಟಿವಿಯೇ ಕಾಣುವುದಿಲ್ಲ. ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಹೋಗಿ ಆನ್ ಮಾಡಬಹುದು. ಮ್ಯಾಕ್‌ನಲ್ಲಿ ಕ್ರೋಮ್‌ನಿಂದ ಪೂರ್ತಿ ಸ್ಕ್ರೀನ್ ಕಳಿಸಲು 'ಸ್ಕ್ರೀನ್ ರೆಕಾರ್ಡಿಂಗ್' ಅನುಮತಿಯೂ ಬೇಕು.

ಬ್ರೌಸರಿನಲ್ಲಿ ಲಾಗಿನ್ ಪುಟ ಬರುವ ವೈಫೈಯಲ್ಲಿ ಹಳೆಯ ಕ್ರೋಮ್‌ಕಾಸ್ಟ್‌ನಂಥ ಡಾಂಗಲ್ ಒಳಗೆ ಹೋಗಲಾರದು, ಅದಕ್ಕೆ ಬ್ರೌಸರೇ ಇಲ್ಲ. ಪ್ರತಿಯೊಬ್ಬರಿಗೂ ಬೇರೆ ಯೂಸರ್‌ನೇಮ್ ಕೊಡುವ ಎಂಟರ್‌ಪ್ರೈಸ್ ವೈಫೈಗೂ ಕ್ರೋಮ್‌ಕಾಸ್ಟ್ ಸೇರುವುದಿಲ್ಲ. ಇಂಥ ಕಡೆ ಡಾಂಗಲ್‌ಗಳಿಗೇ ಒಂದು ಬೇರೆ ವೈಫೈ ಮಾಡಿಸಿಕೊಳ್ಳುವುದೇ ದಾರಿ.

ಇನ್ನು ಮಿರಾಕಾಸ್ಟ್ ಕಥೆ ಬೇರೆ. ಅದು ಸಾಮಾನ್ಯವಾಗಿ ರೌಟರನ್ನು ಕೇಳುವುದಿಲ್ಲ. ವೈಫೈ ಡೈರೆಕ್ಟ್ ಮೂಲಕ ಲ್ಯಾಪ್‌ಟಾಪ್ ಮತ್ತು ಟಿವಿ ತಾವೇ ಒಂದು ಪುಟ್ಟ ನೆಟ್‌ವರ್ಕ್ ಕಟ್ಟಿಕೊಳ್ಳುತ್ತವೆ. ಆದ್ದರಿಂದ ಗೆಸ್ಟ್ ವೈಫೈ, ವಿಲ್ಯಾನ್ ಯಾವುದೂ ಅಡ್ಡ ಬರಬಾರದು. ಆದರೆ ಲ್ಯಾಪ್‌ಟಾಪಿಗೆ ನೆಟ್ ಕೇಬಲ್ ಹಾಕಿ ವೈಫೈ ಆಫ್ ಮಾಡಿದ್ದರೆ ಮಿರಾಕಾಸ್ಟ್ ಕೆಲಸ ಮಾಡದು. ವೈಫೈ ಎಲ್ಲಿಗೂ ಕನೆಕ್ಟ್ ಆಗಿರಬೇಕಿಲ್ಲ, ಆನ್ ಇದ್ದರೆ ಸಾಕು. ಲ್ಯಾಪ್‌ಟಾಪಿಗೆ ಮಿರಾಕಾಸ್ಟ್ ಬರುತ್ತದೋ ಇಲ್ಲವೋ ಅನುಮಾನ ಇದ್ದರೆ ರನ್ ಬಾಕ್ಸಿನಲ್ಲಿ (ವಿಂಡೋಸ್ ಗುಂಡಿ ಜೊತೆ ಆರ್ ಒತ್ತಿದರೆ ಬರುತ್ತದೆ) ಡಿಎಕ್ಸ್‌ಡಯಾಗ್ (dxdiag) ಟೈಪ್ ಮಾಡಿ, ಮಾಹಿತಿಯನ್ನು ಫೈಲ್ ಆಗಿ ಉಳಿಸಿ, ಅದರಲ್ಲಿ ಮಿರಾಕಾಸ್ಟ್ ಸಾಲು ಹುಡುಕಿ. 'ಅವೈಲಬಲ್' ಅಂತಿರಬೇಕು. ಇಲ್ಲದಿದ್ದರೆ ಗ್ರಾಫಿಕ್ಸ್ ಅಥವಾ ವೈಫೈ ಡ್ರೈವರ್ ಕಡೆ ನೋಡಿ.

ಕಾಣುತ್ತದೆ, ಕನೆಕ್ಟ್ ಆಗಲ್ಲ

ಕೂಗು ಕೇಳಿಸಿತು, ಆದರೆ ಕೈ ಕುಲುಕಲು ಆಗುತ್ತಿಲ್ಲ. ಮೊದಲು ಟಿವಿಯ ಪರದೆ ನೋಡಿ. ಅಲ್ಲಿ ಪಿನ್ ತೋರಿಸುತ್ತಾ, 'ಅಲೋ' ಒತ್ತಲು ಕಾಯುತ್ತಾ ಕೂತಿರಬಹುದು. ಪ್ರೊಜೆಕ್ಟರ್ ಬೇರೆ ಎಚ್‌ಡಿಎಂಐ ಇನ್‌ಪುಟ್‌ನಲ್ಲಿದ್ದರೆ ಆ ಪಿನ್ ಯಾರ ಕಣ್ಣಿಗೂ ಬೀಳುವುದಿಲ್ಲ. ನಗಬೇಡಿ, ನನಗೇ ಆಗಿದೆ.

ಆಮೇಲೆ ಫೈರ್‌ವಾಲ್. ಗೂಗಲ್ ಕಾಸ್ಟ್‌ಗೆ 8008, 8009 ಮತ್ತು 8443 ಟಿಸಿಪಿ ಪೋರ್ಟ್‌ಗಳು ತೆರೆದಿರಬೇಕು. ಮಿರಾಕಾಸ್ಟ್ ತನ್ನ ಮಾತುಕತೆಗೆ 7236 ಬಳಸುತ್ತದೆ. ವಿಂಡೋಸ್ ಲ್ಯಾಪ್‌ಟಾಪ್ ಇರುವ ನೆಟ್‌ವರ್ಕಿನ ಮೂಲಕವೇ ಮಿರಾಕಾಸ್ಟ್ ಕಳಿಸುವ ವಿಧಾನ 2017ರಲ್ಲಿ ಬಂತು, ಅದಕ್ಕೆ 7250. ಕಂಪನಿ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಆಂಟಿವೈರಸ್ ತನ್ನದೇ ಫೈರ್‌ವಾಲ್ ತಂದಿರುತ್ತದೆ. ವಿಂಡೋಸ್ ಫೈರ್‌ವಾಲ್ ಆಫ್ ಮಾಡಿ "ಏನೂ ಬದಲಾಗಲಿಲ್ಲ" ಅನ್ನುವವರು ಅದನ್ನು ಮರೆತಿರುತ್ತಾರೆ. ಪರೀಕ್ಷೆಗೆ ಎರಡು ನಿಮಿಷ ನಿಲ್ಲಿಸಿ ನೋಡಬಹುದು. ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ.

ಹಳೆಯ ಜೋಡಿ ನೆನಪು ಕೂಡ ಕಾಟ ಕೊಡುತ್ತದೆ. ಟಿವಿ ರೀಸೆಟ್ ಆಗಿದೆ, ಲ್ಯಾಪ್‌ಟಾಪ್ ಇನ್ನೂ ಹಳೆಯ ಗುರುತು ಹಿಡಿದುಕೊಂಡು ಬಾಗಿಲು ತಟ್ಟುತ್ತಿದೆ. ಬ್ಲೂಟೂತ್ ಮತ್ತು ಡಿವೈಸಸ್ ಪಟ್ಟಿಯಲ್ಲಿ ಆ ಟಿವಿಯ ಹೆಸರು ತೆಗೆದು, ಹೊಸದಾಗಿ ಸೇರಿಸಿದರೆ ಸರಿ ಹೋಗುತ್ತದೆ.

ಯಾರೂ ನೋಡದ ಜಾಗ ಗಡಿಯಾರ. ಬೇಸಿಗೆ ರಜೆಯಲ್ಲಿ ತಿಂಗಳುಗಟ್ಟಲೆ ಪ್ಲಗ್ ತೆಗೆದಿಟ್ಟ ಒಂದು ಪ್ಯಾನೆಲ್ ಜೂನ್‌ನಲ್ಲಿ ಆನ್ ಮಾಡಿದಾಗ ಅದರ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿತ್ತು. ತಾರೀಖು ತಪ್ಪಿದ್ದರೆ, ಎದುರಿನ ಸಾಧನ ಅಸಲಿ ಎಂದು ಸಾರುವ ಸುರಕ್ಷತಾ ಸರ್ಟಿಫಿಕೇಟ್‌ಗಳು ಅದಕ್ಕೆ ಸುಳ್ಳಾಗಿ ಕಾಣುತ್ತವೆ, "ಇದು ಇನ್ನೂ ಹುಟ್ಟೇ ಇಲ್ಲವಲ್ಲ" ಅನ್ನುತ್ತದೆ. ತಾರೀಖು ಸರಿ ಮಾಡಿದೆ, ಐದೇ ಸೆಕೆಂಡಿನಲ್ಲಿ ಸ್ಕ್ರೀನ್ ಬಂತು.

ಸರ್ಟಿಫಿಕೇಟ್ ಅಂದಾಗ 2025ರ ಮಾರ್ಚ್ ನೆನಪಾಗುತ್ತದೆ. ಆ ತಿಂಗಳ 9ರಂದು ಜಗತ್ತಿನ ಎಲ್ಲೆಡೆ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಒಟ್ಟಿಗೆ ಕೈಕೊಟ್ಟವು. ಒಂದು ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಫ್ಯಾಕ್ಟರಿ ರೀಸೆಟ್ ಮಾಡಬೇಡಿ ಎಂದು ಗೂಗಲ್ ಹೇಳುವಷ್ಟರಲ್ಲಿ ಎಷ್ಟೋ ಜನ ಮಾಡಿ ಆಗಿತ್ತು. ಅವರ ಡಾಂಗಲ್ ಮತ್ತೆ ಸೆಟಪ್ ಕೂಡ ಆಗದೆ ಕೂತಿತು. ಸುಮ್ಮನಿದ್ದವರಿಗೆ ಕೆಲವೇ ದಿನಗಳಲ್ಲಿ ಅಪ್‌ಡೇಟ್ ತಾನಾಗಿ ಬಂತು. ನಿನ್ನೆವರೆಗೆ ಸರಿ ಇದ್ದದ್ದು ಇವತ್ತು ಕಟ್ಟಡದ ಎಲ್ಲ ರೂಮಿನಲ್ಲೂ ಒಟ್ಟಿಗೆ ನಿಂತರೆ ನಿಮ್ಮ ಡಾಂಗಲ್ ಮುಟ್ಟಬೇಡಿ. ಮೊದಲು ಬೇರೆಯವರಿಗೂ ಹೀಗೇ ಆಗಿದೆಯಾ ವಿಚಾರಿಸಿ.

ಬಂತು, ಆದರೆ ನಿಲ್ತಿಲ್ಲ

ಚಿತ್ರ ತಡವರಿಸುತ್ತದೆ, ಚೌಕ ಚೌಕವಾಗಿ ಒಡೆಯುತ್ತದೆ, ಹತ್ತು ನಿಮಿಷಕ್ಕೊಮ್ಮೆ ಬಿಟ್ಟುಹೋಗುತ್ತದೆ. ಇಲ್ಲಿ ಮಾತ್ರ ವೈಫೈ ಗಾಳಿಯ ಲೆಕ್ಕ ಬರುತ್ತದೆ.

1080 ಸಾಲಿನ ಸ್ಕ್ರೀನ್ ಕಳಿಸಲು ಸುಮಾರು 5ರಿಂದ 10 ಎಂಬಿಪಿಎಸ್ ಸಾಕು. ಜಾಸ್ತಿ ಏನಲ್ಲ. ಆದರೆ ಲ್ಯಾಪ್‌ಟಾಪ್, ಟಿವಿ ಎರಡೂ ಒಂದೇ ವೈಫೈ ಡಬ್ಬಿಯಲ್ಲಿದ್ದರೆ ಪ್ರತಿ ಚಿತ್ರವೂ ಗಾಳಿಯಲ್ಲಿ ಎರಡು ಸಲ ಓಡಾಡುತ್ತದೆ, ಲ್ಯಾಪ್‌ಟಾಪಿನಿಂದ ಡಬ್ಬಿಗೆ ಒಮ್ಮೆ, ಡಬ್ಬಿಯಿಂದ ಟಿವಿಗೆ ಇನ್ನೊಮ್ಮೆ. ಅದೇ ಗಾಳಿಯನ್ನು ಕ್ಲಾಸಿನ ಅರವತ್ತು ಮಕ್ಕಳ ಜೇಬಿನ ಫೋನುಗಳೂ ಹಂಚಿಕೊಳ್ಳುತ್ತಿವೆ. ನಾನು ಮೊದಲು ಮಾಡುವ ಕೆಲಸ: ಟಿವಿಗೆ ನೆಟ್ ಕೇಬಲ್ ಎಳೆಯುವುದು. ಗೋಡೆಗೆ ಅಂಟಿದ ಸಾಧನಕ್ಕೆ ವೈಫೈ ಯಾಕೆ ಹೇಳಿ? ಒಂದು ಕೇಬಲ್‌ನಿಂದ ಗಾಳಿಯ ಓಡಾಟ ಅರ್ಧ ಇಳಿಯುತ್ತದೆ. ಆ ಕೇಬಲ್ ಲ್ಯಾಪ್‌ಟಾಪುಗಳು ಇರುವ ನೆಟ್‌ವರ್ಕಿಗೇ ಸೇರಬೇಕು ಅನ್ನುವುದು ನೆನಪಿರಲಿ, ಇಲ್ಲದಿದ್ದರೆ ಹೆಸರು ಕಾಣದ ಕಥೆಗೆ ವಾಪಸ್.

ಮುಂದಿನದು 2.4 ಗಿಗಾಹರ್ಟ್ಸ್ ಬಿಟ್ಟು 5ಕ್ಕೆ ಬರುವುದು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಪಕ್ಕದ ಕ್ಲಾಸು, ಕೆಳಗಿನ ಆಫೀಸು, ಬ್ಲೂಟೂತ್ ಮೈಕ್, ಕ್ಯಾಂಟೀನಿನ ಮೈಕ್ರೋವೇವ್ ಎಲ್ಲವೂ ಅಲ್ಲೇ. ಮಧ್ಯಾಹ್ನ ಊಟದ ಹೊತ್ತಿಗೆ ಮಾತ್ರ ಕೈಕೊಡುವ ಮೀಟಿಂಗ್ ರೂಮ್ ಇದ್ದರೆ ಪ್ಯಾಂಟ್ರಿ ಎಷ್ಟು ಹತ್ತಿರ ಇದೆ ನೋಡಿ.

ಡಾಂಗಲ್ ಆದರೆ ಎರಡು ವಿಶೇಷ ರೋಗಗಳು. ಒಂದು, ಟಿವಿಯ ಯುಎಸ್‌ಬಿ ಪೋರ್ಟಿನಿಂದ ಕರೆಂಟ್ ಕೊಟ್ಟಿರುತ್ತಾರೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್ ಮಾತ್ರ. ಭಾರದ ಕೆಲಸ ಬಂದಾಗ ಡಾಂಗಲ್ ತತ್ತರಿಸಿ ರೀಸ್ಟಾರ್ಟ್ ಆಗುತ್ತದೆ. ಜೊತೆಗೆ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿ. ಎರಡು, ಡಾಂಗಲ್ ಟಿವಿಯ ಬೆನ್ನಿನ ಲೋಹಕ್ಕೆ ಒತ್ತಿಕೊಂಡು ಕೂತಿರುತ್ತದೆ, ಸಿಗ್ನಲ್ ಸಾಯುತ್ತದೆ. ಡಬ್ಬದಲ್ಲಿ ಒಂದು ಗಿಡ್ಡ ಎಚ್‌ಡಿಎಂಐ ತುಂಡು ಬಂದಿದ್ದರೆ ಅದು ಇದಕ್ಕೇ. ಬಿಸಾಡಬೇಡಿ.

ಮಿರಾಕಾಸ್ಟ್‌ನಲ್ಲಿ ತಡವರಿಕೆಗೆ ಇನ್ನೊಂದು ಕಾರಣ ಇದೆ, ಇದನ್ನು ಹಿಡಿಯಲು ನನಗೆ ತುಂಬಾ ದಿನ ಬೇಕಾಯಿತು. ಲ್ಯಾಪ್‌ಟಾಪಿನಲ್ಲಿರುವುದು ಸಾಮಾನ್ಯವಾಗಿ ಒಂದೇ ವೈಫೈ ರೇಡಿಯೊ. ಅದು ಆಫೀಸಿನ ವೈಫೈಯನ್ನು ಒಂದು ಚಾನೆಲಿನಲ್ಲಿ, ಟಿವಿಯನ್ನು ಇನ್ನೊಂದು ಚಾನೆಲಿನಲ್ಲಿ ಹಿಡಿದಿದ್ದರೆ ಅತ್ತಿಂದಿತ್ತ ಜಿಗಿಯುತ್ತಲೇ ಇರಬೇಕು. ಚಿತ್ರ ಮುಗ್ಗರಿಸುತ್ತದೆ. ಪರೀಕ್ಷೆಗೆ ಆಫೀಸ್ ವೈಫೈಯಿಂದ ಡಿಸ್‌ಕನೆಕ್ಟ್ ಆಗಿ, ವೈಫೈ ಆನ್ ಇಟ್ಟೇ ಮಿರಾಕಾಸ್ಟ್ ಮಾಡಿ. ನುಣುಪಾಯಿತಾ? ಹಾಗಾದರೆ ಇದೇ ರೋಗ. 5 ಗಿಗಾಹರ್ಟ್ಸ್‌ನ 52ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರ್ ಇದೆಯೇ ಎಂದು ಆಲಿಸಿಕೊಂಡು ಬಳಸಬೇಕು. ಅಲ್ಲಿ ಹೊಸ ಪುಟ್ಟ ನೆಟ್‌ವರ್ಕ್ ಕಟ್ಟಲು ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಆಗುವುದಿಲ್ಲ. ಆ ರೂಮಿನ ವೈಫೈ ಡಬ್ಬಿಯನ್ನು 36ರಿಂದ 48ರ ಒಳಗಿನ ಚಾನೆಲಿಗೆ ತಂದರೆ ಎರಡೂ ಒಂದೇ ಕಡೆ ಸೇರಿಕೊಳ್ಳುವ ಸಾಧ್ಯತೆ ಜಾಸ್ತಿ.

ಇಷ್ಟಾದರೂ ಆಗದಿದ್ದರೆ ಲ್ಯಾಪ್‌ಟಾಪಿನ ರೆಸಲ್ಯೂಷನ್ ಇಳಿಸಿ. ಹಿಂದಿನ ಬೆಂಚಿನವರಿಗೆ ಅಕ್ಷರ ದೊಡ್ಡದಾಗಿ ಕಂಡು ಖುಷಿಯೇ ಆಗುತ್ತದೆ.

ಚಿತ್ರ ಬಂತು, ಏನೋ ಸರಿ ಇಲ್ಲ

ಸೌಂಡ್ ಬರದಿದ್ದರೆ ಲ್ಯಾಪ್‌ಟಾಪಿನ ಸ್ಪೀಕರ್ ಗುರುತು ಒತ್ತಿ, ಔಟ್‌ಪುಟ್ ಟಿವಿಗೆ ಬದಲಿಸಿ. ಹತ್ತರಲ್ಲಿ ಎಂಟು ಸಲ ಅಷ್ಟೇ. ಕ್ರೋಮ್‌ನಿಂದ ಕಳಿಸುವಾಗ ಪೂರ್ತಿ ಸ್ಕ್ರೀನ್ ಬದಲು ಆ ಟ್ಯಾಬ್ ಮಾತ್ರ ಕಳಿಸಿದರೆ ಸೌಂಡ್ ನೆಟ್ಟಗೆ ಹೋಗುತ್ತದೆ.

ಪಿಪಿಟಿ ಸರಿ ಇದ್ದು ಒಟಿಟಿ ಸಿನಿಮಾ ಹಾಕಿದಾಗ ಮಾತ್ರ ಕಪ್ಪು ಪರದೆ ಬಂದರೆ ಅದು ದೋಷವಲ್ಲ, ಕಾಪಿ ತಡೆಯುವ ಬೀಗ. ಎಚ್‌ಡಿಸಿಪಿ ಅನ್ನುತ್ತಾರೆ. ದಾರಿಯ ಒಂದು ತುಂಡು, ಉದಾಹರಣೆಗೆ ಹಳೆಯ ಪ್ರೊಜೆಕ್ಟರಿಗೆ ಹಾಕಿದ ವಿಜಿಎ ಅಡಾಪ್ಟರ್, ಆ ಬೀಗಕ್ಕೆ ಒಪ್ಪದಿದ್ದರೆ ಚಿತ್ರ ಮುಚ್ಚಿಕೊಳ್ಳುತ್ತದೆ.

ಟಾಸ್ಕ್‌ಬಾರ್ ಅರ್ಧ ಕತ್ತರಿಸಿಹೋಗಿದ್ದರೆ ಟಿವಿಯ ಪಿಕ್ಚರ್ ಸೆಟ್ಟಿಂಗಿನಲ್ಲಿ ಓವರ್‌ಸ್ಕ್ಯಾನ್ ಆಫ್ ಮಾಡಿ. ಕೆಲವು ಟಿವಿಗಳಲ್ಲಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್' ಎಂದಿರುತ್ತದೆ. ಟಿವಿಯಲ್ಲಿ ಖಾಲಿ ವಾಲ್‌ಪೇಪರ್ ಮಾತ್ರ ಕಾಣುತ್ತಿದ್ದರೆ ನೀವು 'ಎಕ್ಸ್‌ಟೆಂಡ್' ನಲ್ಲಿದ್ದೀರಿ. ವಿಂಡೋಸ್ ಗುಂಡಿ ಜೊತೆ ಪಿ ಒತ್ತಿ 'ಡೂಪ್ಲಿಕೇಟ್' ಮಾಡಿ.

ಮೌಸ್ ಆಡಿಸಿದಾಗ ಟಿವಿಯಲ್ಲಿ ಒಂಚೂರು ತಡವಾಗಿ ಆಡುವುದು ಸಹಜ. ಅದನ್ನು ರಿಪೇರಿ ಮಾಡಲು ಹೋಗಬೇಡಿ. ವಿಂಡೋಸ್ ಮಿರಾಕಾಸ್ಟ್‌ನಲ್ಲಿ ಗೇಮ್‌ಗೆ, ಕೆಲಸಕ್ಕೆ, ವಿಡಿಯೊಗೆ ಎಂದು ಮೂರು ಆಯ್ಕೆ ಇವೆ. ಗಣಿತ ಮೇಷ್ಟ್ರು ಪೆನ್ನಲ್ಲಿ ಬರೆಯುವುದಾದರೆ ಗೇಮ್ ಆಯ್ಕೆ ಚೆನ್ನ.

ನನ್ನ ಸ್ಕ್ರೀನ್ ಇನ್ನೊಂದು ರೂಮಿಗೆ ಹೋಯ್ತು

ಇದು ದೋಷಗಳಲ್ಲೆಲ್ಲ ಮುಜುಗರದ್ದು. ನಾನು ಹಿಂದೆ ಇದ್ದ ಒಂದು ಆಫೀಸಿನಲ್ಲಿ ಲ್ಯಾಪ್‌ಟಾಪಿನ ಯುಎಸ್‌ಬಿಗೆ ಚುಚ್ಚುವ ಗುಂಡಿಗಳಿದ್ದವು. ಒತ್ತಿದರೆ ಸ್ಕ್ರೀನ್ ಗೋಡೆಗೆ. ಪ್ರತಿ ಗುಂಡಿಯೂ ತನ್ನ ರೂಮಿನ ಡಬ್ಬಿಗೆ ಜೋಡಿಯಾಗಿರುತ್ತದೆ. ಕಸ ಗುಡಿಸುವಾಗ ಎರಡು ರೂಮಿನ ಗುಂಡಿಗಳು ಅದಲುಬದಲಾದವು. ಬಜೆಟ್ ಮೀಟಿಂಗಿನ ಹಾಳೆ ಪಕ್ಕದ ಇಂಟರ್‌ವ್ಯೂ ರೂಮಿನ ಗೋಡೆಯಲ್ಲಿ ಬಂತು. ಕೆಲಸ ಕೇಳಲು ಬಂದ ಹುಡುಗ ಗಂಭೀರವಾಗಿ ಓದುತ್ತಾ ಕೂತಿದ್ದನಂತೆ. ಗುಂಡಿಯನ್ನು ಸರಿಯಾದ ಡಬ್ಬಿಗೆ ಒಮ್ಮೆ ಚುಚ್ಚಿದರೆ ಮತ್ತೆ ಜೋಡಿಯಾಗುತ್ತದೆ. ಆಮೇಲೆ ಪ್ರತಿ ಗುಂಡಿಯ ಮೇಲೂ ರೂಮ್ ನಂಬರ್ ಅಂಟಿಸಿದೆವು.

ಡಾಂಗಲ್, ಪ್ಯಾನೆಲ್‌ಗಳಿಗೂ ಹಾಗೇ. ಕಾರ್ಖಾನೆಯ ಹೆಸರಲ್ಲೇ ಬಿಟ್ಟರೆ ಹತ್ತು ಕ್ಲಾಸಿನ ಹತ್ತು ಪ್ಯಾನೆಲ್ ಒಂದೇ ಥರ ಕಾಣುತ್ತವೆ. ರೂಮ್ ನಂಬರನ್ನೇ ಹೆಸರು ಮಾಡಿ, ಪಿನ್ ಆನ್ ಇಡಿ. ಪಿನ್ ಇಲ್ಲದಿದ್ದರೆ ಹಿಂದಿನ ಬೆಂಚಿನ ಯಾರೋ ಒಬ್ಬ ಪಾಠದ ಮಧ್ಯೆ ಕ್ರಿಕೆಟ್ ಹಾಕಿಯೇ ಹಾಕುತ್ತಾನೆ.

ನೆಟ್‌ವರ್ಕ್ ನೋಡುವವರಿಗೆ ಏನು ಹೇಳಬೇಕು

"ಕಾಸ್ಟ್ ಆಗ್ತಿಲ್ಲ, ನೋಡಿ" ಅಂದರೆ ಅವರು ಸ್ಪೀಡ್ ಟೆಸ್ಟ್ ಮಾಡಿ "ಸರಿ ಇದೆ" ಅಂತ ವಾಪಸ್ ಕಳಿಸುತ್ತಾರೆ. ಹೀಗೆ ಹೇಳಿ: ಟಿವಿ ಈ ವೈಫೈಯಲ್ಲಿದೆ, ಲ್ಯಾಪ್‌ಟಾಪ್ ಆ ವೈಫೈಯಲ್ಲಿದೆ. ಹಾಟ್‌ಸ್ಪಾಟಿನಲ್ಲಿ ಎರಡೂ ಸರಿಯಾಗಿ ಕೆಲಸ ಮಾಡುತ್ತವೆ. ಇಲ್ಲಿ ಹೆಸರು ಕಾಣುತ್ತಿಲ್ಲ. ಕ್ಲೈಂಟ್ ಐಸೊಲೇಷನ್ ಆನ್ ಇದೆಯಾ? ಎಂಡಿಎನ್‌ಎಸ್ ಎರಡು ವಿಲ್ಯಾನ್ ಮಧ್ಯೆ ದಾಟುತ್ತಿದೆಯಾ? ದೊಡ್ಡ ಕಂಪನಿಗಳ ವೈಫೈ ಕಂಟ್ರೋಲರ್‌ಗಳಲ್ಲಿ ಇದಕ್ಕೇ ಎಂಡಿಎನ್‌ಎಸ್ ಗೇಟ್‌ವೇ ಅನ್ನುವ ಸೌಲಭ್ಯ ಇರುತ್ತದೆ. ಗೋಡೆಯ ಆಚೆಯ ಕೂಗನ್ನು ಅದು ಈಚೆಗೆ ಮುಟ್ಟಿಸುತ್ತದೆ. ಕೂಗು ದಾಟಿದರೆ ಸಾಲದು, ಆಮೇಲಿನ ಚಿತ್ರಕ್ಕೂ ಪೋರ್ಟ್ ತೆರೆದಿರಬೇಕು. ಇಲ್ಲದಿದ್ದರೆ ಹೆಸರು ಕಾಣುತ್ತದೆ, ಕನೆಕ್ಟ್ ಆಗುವುದಿಲ್ಲ.

ಉತ್ತರ ಬರುವವರೆಗೆ ಕ್ಲಾಸ್ ನಿಲ್ಲಬಾರದು. ನನ್ನ ಡ್ರಾಯರಿನಲ್ಲಿ ಐದು ಮೀಟರಿನ ಒಂದು ಎಚ್‌ಡಿಎಂಐ ಕೇಬಲ್, ಒಂದು ಟೈಪ್-ಸಿ ಅಡಾಪ್ಟರ್ ಯಾವಾಗಲೂ ಇರುತ್ತವೆ. ಎಲ್ಲ ಟೈಪ್-ಸಿ ಪೋರ್ಟಿನಿಂದಲೂ ವಿಡಿಯೊ ಬರುವುದಿಲ್ಲ, ಕೆಲವು ಚಾರ್ಜಿಂಗಿಗೆ, ಪೆನ್‌ಡ್ರೈವಿಗೆ ಮಾತ್ರ. ನಿಮ್ಮ ಲ್ಯಾಪ್‌ಟಾಪಿನದು ಯಾವುದು ಅಂತ ಇವತ್ತೇ ಚುಚ್ಚಿ ನೋಡಿಟ್ಟುಕೊಳ್ಳಿ, ಒಂಬತ್ತು ಮೂವತ್ತೈದಕ್ಕೆ ಅಲ್ಲ.